ಗಾಳಿ ಅಳೆಯುವ ದಾರಿ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ದೋಹಾದ ಹಮದ್ ನಿಲ್ದಾಣಕ್ಕೂ ನಡುವೆ ಎಷ್ಟು ದೂರ ಎಂದು ಯಾವ ಗಣಕವನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತದೆ: 3040 ಕಿಲೋಮೀಟರ್. ಮಂಗಳೂರಿನ ಬಜ್ಪೆಯಿಂದಾದರೆ 2800. ಎರಡೂ ಊರುಗಳ ಅಕ್ಷಾಂಶ ರೇಖಾಂಶ ಗೊತ್ತಿದ್ದರೆ, ಭೂಮಿಯ ತ್ರಿಜ್ಯ 6371 ಕಿ.ಮೀ. ಎಂದು ಹಿಡಿದರೆ, ಪಿಯುಸಿಯಲ್ಲಿ ಕಲಿತ ತ್ರಿಕೋನಮಿತಿ ಈ ಲೆಕ್ಕಕ್ಕೆ ಸಾಕು. ಇಷ್ಟು ಸಲೀಸಾಗಿ ಸಿಗುವುದರಿಂದಲೇ ಈ ಸಂಖ್ಯೆಯ ಮೇಲೆ ನಮಗೆ ಅತಿಯಾದ ನಂಬಿಕೆ. ದೂರ ತಿಳಿಯಿತು, ವಿಮಾನದ ವೇಗದಿಂದ ಭಾಗಿಸಿದರೆ ಹೊತ್ತೂ ತಿಳಿಯಿತು ಎಂದುಕೊಳ್ಳುತ್ತೇವೆ. ಆದರೆ ಕತಾರಿನಲ್ಲಿ ದುಡಿಯುವವರು ಯಾವ ಹೊತ್ತಿಗೆ ಊರಿಗೆ ಬಂದಿಳಿಯುತ್ತಾರೆ ಎಂಬ ಪ್ರಶ್ನೆಗೆ ಈ 3040 ಅರ್ಧ ಉತ್ತರ ಮಾತ್ರ. ಎರಡು ವಿಮಾನ ನಿಲ್ದಾಣಗಳ ನಡುವಿನ ಹೊತ್ತನ್ನು ನೆಲವೊಂದೇ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದರಲ್ಲಿ ಗಾಳಿಯ ಪಾಲು ಬಲು ದೊಡ್ಡದು. ಆಕಾಶದಲ್ಲಿ ಮನುಷ್ಯರು ಎಳೆದ ಗೆರೆಗಳ ಪಾಲು ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡದು. ಇದನ್ನು ತೋರಿಸಿಕೊಡಲು ದೋಹಾ–ಬೆಂಗಳೂರು ದಾರಿಯಷ್ಟು ಒಳ್ಳೆಯ ಉದಾಹರಣೆ ನಮಗೆ ಹತ್ತಿರದಲ್ಲಿ ಬೇರೊಂದಿಲ್ಲ.

ಮೊದಲು ನೆಲದ ಲೆಕ್ಕ ಮುಗಿಸೋಣ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಗಿಡ್ಡ ದಾರಿ ಎಂದರೆ ಮಹಾವೃತ್ತದ ತುಣುಕು. ದೋಹಾದಿಂದ ಹೊರಟ ಈ ಗೆರೆ ಅಬುಧಾಬಿಯ ಆಸುಪಾಸಿನಲ್ಲಿ ಹಾದು, ಒಮಾನಿನ ಪೂರ್ವದ ತುದಿಯಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿದು, ಗೋವಾ ಮತ್ತು ಕಾರವಾರ ಸೇರುವಲ್ಲಿ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಅಡಿಪಟ್ಟಿ ಇಟ್ಟು ಎಳೆದ ಗೆರೆ ಗೋಳದ ಮೇಲೆ ಅತಿ ಗಿಡ್ಡದ್ದಲ್ಲ ಎಂದು ವಿಜ್ಞಾನದ ಪುಸ್ತಕಗಳೆಲ್ಲ ಎಚ್ಚರಿಸುತ್ತವೆ. ಎಚ್ಚರಿಕೆ ಸರಿಯೇ. ಆದರೆ ಈ ದಾರಿಯಲ್ಲಿ ಅದರ ಬೆಲೆ ಎಷ್ಟು? ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ದೋಹಾದಿಂದ ಬೆಂಗಳೂರಿಗೆ ಬಂದರೆ ಹೆಚ್ಚಾಗುವುದು ಸುಮಾರು 3 ಕಿ.ಮೀ. ಮಾತ್ರ, ಅಂದರೆ ಹನ್ನೆರಡು ಸೆಕೆಂಡುಗಳ ಹಾರಾಟ. ಎರಡೂ ಊರುಗಳು ಉಷ್ಣವಲಯದ ಆಸುಪಾಸಿನಲ್ಲೇ ಇರುವುದರಿಂದ, ದಾರಿಯೂ ಹೆಚ್ಚು ಉದ್ದವಿಲ್ಲದ್ದರಿಂದ, ಭೂಮಿಯ ದುಂಡುತನ ಇಲ್ಲಿ ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಗಂಟೆಗಳ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತದಾದರೆ ಅದರ ಕಾರಣವನ್ನು ನೆಲದ ಆಕಾರದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಇನ್ನು ವೇಗ. ಪ್ರಯಾಣಿಕರ ಜೆಟ್ ವಿಮಾನಗಳು ಸುಮಾರು 11 ಕಿ.ಮೀ. ಎತ್ತರದಲ್ಲಿ, ಸೊನ್ನೆಗಿಂತ 55 ಡಿಗ್ರಿ ಕೆಳಗಿನ ಚಳಿಯಲ್ಲಿ ಹಾರುತ್ತವೆ. ಅಲ್ಲಿ ಶಬ್ದದ ವೇಗ ಗಂಟೆಗೆ 1060 ಕಿ.ಮೀ.ಗೆ ಇಳಿದಿರುತ್ತದೆ. ಬೋಯಿಂಗ್ 787ರಂಥ ವಿಮಾನ ಅದರ ಶೇ. 85ರಷ್ಟು, ಏರ್‌ಬಸ್ 320ರಂಥದ್ದು ಶೇ. 78ರಷ್ಟು ವೇಗದಲ್ಲಿ ಸಾಗುತ್ತದೆ. ಮೊದಲನೆಯದಕ್ಕೆ 3040 ಕಿ.ಮೀ. ಕ್ರಮಿಸಲು 3 ಗಂಟೆ 22 ನಿಮಿಷ, ಎರಡನೆಯದಕ್ಕೆ 3 ಗಂಟೆ 40 ನಿಮಿಷ ಸಾಕು. ಆದರೂ ವೇಳಾಪಟ್ಟಿಯಲ್ಲಿ ನಾಲ್ಕು ಗಂಟೆ ದಾಟಿದ ಅಂಕಿಯೇ ಇರುತ್ತದೆ. ಏಕೆಂದರೆ ವೇಳಾಪಟ್ಟಿ ಎಣಿಸುವುದು ವಿಮಾನ ತಂಗಿದ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಕಡೆ ಹೋಗಿ ನಿಲ್ಲುವ ಕ್ಷಣದವರೆಗಿನ ಹೊತ್ತನ್ನು. ನೆಲದ ಮೇಲಿನ ತೆವಳಾಟ, ಸರದಿಯ ಕಾಯುವಿಕೆ, ಏರಿಕೆ, ಇಳಿಕೆ ಎಲ್ಲವೂ ಅದರೊಳಗೆ ಬಂದವು. ಗಡಿಯಾರದ ಮುಖ ನೋಡಿದರಂತೂ ಇನ್ನಷ್ಟು ಗೊಂದಲ. ಭಾರತದ ಹೊತ್ತು ಕತಾರಿಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ಬರುವಾಗ ನಾಲ್ಕೂಕಾಲು ಗಂಟೆ ಆರೂಮುಕ್ಕಾಲಾಗಿ ಕಾಣುತ್ತದೆ. ಹೋಗುವಾಗ ನಾಲ್ಕೂವರೆ ಗಂಟೆ ಎರಡಾಗಿ ಕಾಣುತ್ತದೆ. ಇದು ಒಪ್ಪಂದದ ವ್ಯತ್ಯಾಸ, ಇದರಲ್ಲಿ ಭೌತವಿಜ್ಞಾನವಿಲ್ಲ. ಅದನ್ನು ಕಳೆದ ಮೇಲೂ ಉಳಿಯುವ ಹದಿನೈದು ಇಪ್ಪತ್ತು ನಿಮಿಷಗಳ ಏರುಪೇರು, ಅದರಲ್ಲೂ ಹೋಗುವುದಕ್ಕೂ ಬರುವುದಕ್ಕೂ ನಡುವಿನ ಅಂತರ, ನಮ್ಮ ನಿಜವಾದ ಪ್ರಶ್ನೆ.

ವಿಮಾನ ಈಜುವುದು ಗಾಳಿಯಲ್ಲಿ. ಅದರ ಗಂಟೆಗೆ 900 ಕಿ.ಮೀ. ವೇಗವೂ ಸುತ್ತಲಿನ ಗಾಳಿಗೆ ಹೋಲಿಸಿ ಹೇಳಿದ್ದು, ನೆಲಕ್ಕೆ ಹೋಲಿಸಿ ಅಲ್ಲ. ತುಂಬಿದ ಹೊಳೆಯಲ್ಲಿ ದೋಣಿ ಹೇಗೋ ಹಾಗೆ. ಚಳಿಗಾಲದಲ್ಲಿ ಅರೇಬಿಯ ಮತ್ತು ಉತ್ತರ ಭಾರತದ ಮೇಲೆ, ಹೆಚ್ಚುಕಡಿಮೆ ದೋಹಾದ ಅಕ್ಷಾಂಶಕ್ಕೆ ಹತ್ತಿರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಇದು ಉಪೋಷ್ಣ ಜೆಟ್ ಪ್ರವಾಹ. ಇದರ ನಡುಸುಳಿಯಲ್ಲಿ ಗಂಟೆಗೆ 150ರಿಂದ 200 ಕಿ.ಮೀ. ವೇಗ ಸಾಮಾನ್ಯ. ಇಂಥ ಪ್ರವಾಹಗಳನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ಒಬ್ಬರಾದ ಜಪಾನಿನ ವಾಸಬುರೊ ಓಯಿಶಿ ತಮ್ಮ ವರದಿಯನ್ನು 1926ರಲ್ಲಿ ಪ್ರಕಟಿಸಿದ್ದು ಎಸ್ಪೆರಾಂಟೊ ಭಾಷೆಯಲ್ಲಿ. ಜಗತ್ತಿಗೆಲ್ಲ ತಿಳಿಯಲಿ ಎಂದು ಆರಿಸಿಕೊಂಡ ಆ ಭಾಷೆಯನ್ನು ಓದಬಲ್ಲವರು ಬಲು ಕಡಿಮೆ ಇದ್ದರು. ಆ ವರದಿಗೆ ಸಲ್ಲಬೇಕಾದ ಮನ್ನಣೆ ತಡವಾಗಿ ಸಿಕ್ಕಿತು. ಜನವರಿಯಲ್ಲಿ ದೋಹಾದಿಂದ ಹೊರಟ ವಿಮಾನಕ್ಕೆ ದಾರಿಯ ಮೊದಲ ಭಾಗದಲ್ಲಿ ಈ ಹೊಳೆಯ ತಳ್ಳು ಸಿಗುತ್ತದೆ. ಎದುರು ಬರುವ ವಿಮಾನ ಅದೇ ತಳ್ಳನ್ನು ಎದೆಯ ಮೇಲೆ ಹೊತ್ತು ಸಾಗಬೇಕು.

ಜೂನ್ ಬಂದಿತೆನ್ನಿ, ಚಿತ್ರ ತಿರುವುಮುರುವಾಗುತ್ತದೆ. ಪಶ್ಚಿಮದ ಜೆಟ್ ಹಿಮಾಲಯದ ಉತ್ತರಕ್ಕೆ ಸರಿದುಬಿಡುತ್ತದೆ. ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಇನ್ನೊಂದು ಪ್ರವಾಹ ಏಳುತ್ತದೆ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದ ಉಷ್ಣವಲಯದ ಪೂರ್ವ ಜೆಟ್ ಇದು. ಅದರ ನಡುಸುಳಿ 14–16 ಕಿ.ಮೀ. ಎತ್ತರದಲ್ಲಿದ್ದು, ಅಲ್ಲಿ ಗಾಳಿ ಗಂಟೆಗೆ ನೂರು ಕಿ.ಮೀ. ಮೀರುತ್ತದೆ. ವಿಮಾನಗಳು ಅದರ ಕೆಳಗಿನ ಅಂಚಿನಲ್ಲಿ ಹಾರುವುದರಿಂದ ಪೂರ್ತಿ ಬಲ ತಟ್ಟದಿದ್ದರೂ, ದಿಕ್ಕು ಮಾತ್ರ ಬದಲಾಗಿರುತ್ತದೆ. ಆಷಾಢದಲ್ಲಿ ಬೆಂಗಳೂರಿನಿಂದ ದೋಹಾಕ್ಕೆ ಹೋಗುವವರಿಗೆ ಗಾಳಿ ಹಿಂದಿನಿಂದ ಬೀಸುತ್ತದೆ, ಬರುವವರಿಗೆ ಎದುರಿನಿಂದ.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಇದೇ ಸಮುದ್ರದ ಹಳೆಯ ಪಯಣದ ಜೊತೆಗಿನ ಹೋಲಿಕೆ. ವಿಜಯನಗರದ ಕಾಲದಲ್ಲಿ ಅರಬರ ಕುದುರೆಗಳು ಹಡಗೇರಿ ಭಟ್ಕಳಕ್ಕೂ ಹೊನ್ನಾವರಕ್ಕೂ ಬರುತ್ತಿದ್ದವು. ಕೊಲ್ಲಿಯ ಮುತ್ತು ಮುಂಬಯಿಯ ಪೇಟೆಗೆ ಬರುತ್ತಿದ್ದದ್ದೂ ಹಾಯಿ ಹಡಗಿನಲ್ಲಿಯೇ. ಆ ಹಡಗುಗಳು ಅರೇಬಿಯದಿಂದ ಇತ್ತ ಬರುತ್ತಿದ್ದದ್ದು ನೈಋತ್ಯ ಗಾಳಿಯ ಬಲದಲ್ಲಿ, ಮಳೆಗಾಲದ ಅಬ್ಬರಕ್ಕೆ ಮುಂಚೆ ಅಥವಾ ಅಬ್ಬರ ಇಳಿದ ಮೇಲೆ. ಮರಳುತ್ತಿದ್ದದ್ದು ಚಳಿಗಾಲದ ಈಶಾನ್ಯ ಗಾಳಿಯಲ್ಲಿ. ಅಂದರೆ ಹಡಗಿಗೆ ಬೇಸಿಗೆ–ಮಳೆಗಾಲ ಬರುವ ಕಾಲ, ಚಳಿಗಾಲ ಹೋಗುವ ಕಾಲ. ವಿಮಾನಕ್ಕೆ ಇದು ತಲೆಕೆಳಗು: ಚಳಿಗಾಲದಲ್ಲಿ ಬರುವುದು ಸಲೀಸು, ಮಳೆಗಾಲದಲ್ಲಿ ಹೋಗುವುದು ಸಲೀಸು. ಒಂದೇ ಕಡಲು, ಒಂದೇ ತಿಂಗಳು, ಹನ್ನೊಂದು ಕಿಲೋಮೀಟರ್ ಮೇಲೆ ಹೋದರೆ ಗಾಳಿಯ ಮುಖ ಆಚೆಗೆ. ಇದು ಆಕಸ್ಮಿಕವೇನಲ್ಲ. ಮಳೆಗಾಲದಲ್ಲಿ ಕಾದ ಏಷ್ಯಾದ ನೆಲ ಕೆಳಗಿನ ಗಾಳಿಯನ್ನು ದಕ್ಷಿಣದ ಕಡಲಿನಿಂದ ಉತ್ತರಕ್ಕೆ ಸೆಳೆಯುತ್ತದೆ. ಹಾಗೆ ಸೇರಿದ ಗಾಳಿ ಮೇಲೇರಿ, ಎತ್ತರದಲ್ಲಿ ಮತ್ತೆ ದಕ್ಷಿಣಕ್ಕೆ ಹೊರಚೆಲ್ಲಬೇಕು. ಇಲ್ಲವಾದರೆ ಕೆಳಗಿನ ಸೆಳೆತ ನಿಂತೇಹೋಗುತ್ತದೆ. ತಿರುಗುವ ಭೂಮಿಯ ಉತ್ತರಾರ್ಧದಲ್ಲಿ ಚಲಿಸುವ ಗಾಳಿ ಯಾವಾಗಲೂ ತನ್ನ ಬಲಕ್ಕೆ ಬಾಗುತ್ತದೆ. ಉತ್ತರಕ್ಕೆ ಹೊರಟ ಕೆಳಗಾಳಿ ಬಲಕ್ಕೆ ಬಾಗಿ ನೈಋತ್ಯ ಮಾರುತವಾಯಿತು. ದಕ್ಷಿಣಕ್ಕೆ ಹೊರಟ ಮೇಲ್ಗಾಳಿ ಬಲಕ್ಕೆ ಬಾಗಿ ಪೂರ್ವ ಜೆಟ್ ಆಯಿತು. ಚಳಿಗಾಲದಲ್ಲಿ ಎರಡೂ ಹರಿವುಗಳು ಹಿಮ್ಮುಖ. ಹಾಯಿ ಹಡಗಿನ ನಾವಿಕ ನಂಬಿದ್ದ ಗಾಳಿ ಯಾವ ಚಕ್ರದ ಕೆಳಗಿನ ಅರೆಯೋ, ವಿಮಾನದ ಚಾಲಕ ಎಣಿಸುವ ಗಾಳಿ ಅದೇ ಚಕ್ರದ ಮೇಲಿನ ಅರೆ.

ಇಲ್ಲಿ ಒಂದು ಹಳೆಯ ಆಕ್ಷೇಪ ಏಳುತ್ತದೆ, ಶಾಲೆಯ ಮಕ್ಕಳಿಂದ ಹಿಡಿದು ಎಂಜಿನಿಯರುಗಳವರೆಗೆ ಎಲ್ಲರಿಗೂ ಹೊಳೆಯುವಂಥದ್ದು. ಗಾಳಿಯ ಕತೆ ಏಕೆ, ಭೂಮಿಯೇ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ಅದರಿಂದಲೇ ಹೋಗುವ ಬರುವ ಹೊತ್ತು ಬೇರೆಯಾಗುತ್ತದೆ ಎಂಬುದು. ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ವಿಮಾನ ಈ ಓಟದಿಂದ ಕಳಚಿಕೊಂಡು ಹಾರುವಂತಿದ್ದರೆ, 900 ಕಿ.ಮೀ. ವೇಗದ ವಿಮಾನ ದೋಹಾದಿಂದ ಹೊರಟು ಬೆಂಗಳೂರನ್ನು ಅಟ್ಟಿಸಿಕೊಂಡು ಹೋದರೂ ಎಂದೂ ಹಿಡಿಯಲಾರದು. ನಿಜದಲ್ಲಿ ಚಳಿಗಾಲದಲ್ಲಿ ಬೇಗ ಮುಗಿಯುವುದು ಆ ಪೂರ್ವದ ಪಯಣವೇ. ಆಕ್ಷೇಪ ಬಿದ್ದುಹೋಗಲು ಇಷ್ಟು ಸಾಕು. ನೆಲದ ಮೇಲೆ ನಿಂತ ವಿಮಾನ ನೆಲದ ಜೊತೆಗೇ ಓಡುತ್ತಿರುತ್ತದೆ, ಸುತ್ತಲಿನ ವಾಯುಮಂಡಲವೂ ಹಾಗೆಯೇ. ಹಾರಿದ ಮಾತ್ರಕ್ಕೆ ಆ ಓಟ ಕಳಚುವುದಿಲ್ಲ.

ಆದರೂ ಆಕ್ಷೇಪ ಪೂರ್ತಿ ಪೊಳ್ಳಲ್ಲ ಎಂಬುದೇ ಇದರ ಸೊಗಸು. ಬೆಂಗಳೂರಿನ ನೆಲ ಗಂಟೆಗೆ 1630 ಕಿ.ಮೀ. ಓಡಿದರೆ, ಉತ್ತರಕ್ಕಿರುವ ದೋಹಾದ ನೆಲ ಚಿಕ್ಕ ವೃತ್ತದಲ್ಲಿ ಸುತ್ತುವುದರಿಂದ ಓಡುವುದು 1515 ಮಾತ್ರ. ಸಮಭಾಜಕದ ಬಳಿ ಮೇಲೇರಿದ ಗಾಳಿ ಉತ್ತರಕ್ಕೆ ಸಾಗುವಾಗ ತನ್ನ ಹೆಚ್ಚಿನ ಪೂರ್ವ ವೇಗವನ್ನೂ ಹೊತ್ತು ತರುತ್ತದೆ. ಕೆಳಗಿನ ನೆಲ ನಿಧಾನವಾಗುತ್ತ ಹೋದಂತೆ ಗಾಳಿ ಅದಕ್ಕಿಂತ ಮುಂದೋಡುತ್ತದೆ. ಕೈ ಮಡಚಿಕೊಂಡ ಗಿರಕಿಯ ನರ್ತಕಿ ಇನ್ನೂ ಜೋರಾಗಿ ಸುತ್ತುವ ಹಾಗೆ, ಅಕ್ಷಕ್ಕೆ ಹತ್ತಿರವಾದಷ್ಟೂ ಗಾಳಿಯ ವೇಗ ಏರುತ್ತದೆ. ತಿಕ್ಕಾಟವೂ ಸುಳಿಗಳೂ ಇಲ್ಲದಿದ್ದರೆ, ಸಮಭಾಜಕದಿಂದ ಹೊರಟ ಗಾಳಿ ದೋಹಾದ ಅಕ್ಷಾಂಶ ತಲುಪುವಾಗ ಗಂಟೆಗೆ 330 ಕಿ.ಮೀ. ಮೀರಿದ ಪಶ್ಚಿಮ ಮಾರುತವಾಗಿರಬೇಕಿತ್ತು. ನಿಜದಲ್ಲಿ ಸಿಗುವುದು ಅದರ ಅರ್ಧದ ಆಸುಪಾಸು. ನಮ್ಮ ಜೆಟ್ ಪ್ರವಾಹದ ಹುಟ್ಟು ಇಲ್ಲಿದೆ. ಭೂಮಿಯ ತಿರುಗಾಟ ವಿಮಾನದ ಹೊತ್ತನ್ನು ಬದಲಿಸುತ್ತದೆ ಎಂಬ ಮಾತು ಹೀಗೆ ನಿಜವೇ, ಆದರೆ ನೇರವಾಗಿ ಅಲ್ಲ, ಗಾಳಿಯ ಮೂಲಕ.

ಹೋಗುವಾಗ ಕಳೆದದ್ದು ಬರುವಾಗ ದಕ್ಕುತ್ತದೆ, ಒಟ್ಟಿನಲ್ಲಿ ಸರಿಹೋಯಿತಲ್ಲ ಎಂದು ಕೇಳುವವರೂ ಇದ್ದಾರೆ. ಸರಿಹೋಗುವುದಿಲ್ಲ. ಗಾಳಿಯೇ ಇಲ್ಲದ ದಿನ 900 ಕಿ.ಮೀ. ವೇಗದಲ್ಲಿ ಹೋಗಿ ಬರಲು ಹಾರಾಟದ ಹೊತ್ತು 6 ಗಂಟೆ 45 ನಿಮಿಷ. ದಾರಿಯುದ್ದಕ್ಕೂ 150 ಕಿ.ಮೀ. ವೇಗದ ಗಾಳಿ ಇದೆ ಎಂದುಕೊಳ್ಳಿ. ಬರುವಾಗ 1050ರ ವೇಗ, 2 ಗಂಟೆ 54 ನಿಮಿಷ. ಹೋಗುವಾಗ 750ರ ವೇಗ, 4 ಗಂಟೆ 3 ನಿಮಿಷ. ಒಟ್ಟು 6 ಗಂಟೆ 57 ನಿಮಿಷ. ಹನ್ನೆರಡು ನಿಮಿಷ ಹೆಚ್ಚಾಯಿತು. ಕಾರಣ ಸರಳ: ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಆದ್ದರಿಂದ ಎದುರುಗಾಳಿ ಅದನ್ನು ಹೆಚ್ಚು ಹೊತ್ತು ತಡೆಯುತ್ತದೆ. ಸ್ಥಿರವಾಗಿ ಬೀಸುವ ಯಾವ ಗಾಳಿಯೂ ಹೋಗಿಬರುವ ಒಟ್ಟು ಹೊತ್ತನ್ನು ಕಡಿಮೆ ಮಾಡಲಾರದು. ಉದ್ದನೆಯ ದಾರಿಗಳಲ್ಲಿ ಈ ಅಂತರ ಎದ್ದುಕಾಣುತ್ತದೆ. 2017ರ ಫೆಬ್ರವರಿಯಲ್ಲಿ ಕತಾರ್ ಏರ್‌ವೇಸ್ ಆರಂಭಿಸಿದ ದೋಹಾ–ಆಕ್ಲೆಂಡ್ ಪಯಣ 14,500 ಕಿ.ಮೀ. ಉದ್ದದ್ದು, ಪೂರ್ವಕ್ಕೆ ಹದಿನಾರು ಗಂಟೆ ದಾಟಿ ಮುಗಿಯುವ ಅದು ಮರಳುವಾಗ ಹದಿನೇಳನ್ನೂ ಮೀರುತ್ತದೆ.

ಹಾಗಿದ್ದರೆ ವೇಳಾಪಟ್ಟಿಯಲ್ಲಿ ಒಂದೇ ಅಂಕಿ ತಿಂಗಳುಗಟ್ಟಲೆ ಹೇಗೆ ಕೂತಿರುತ್ತದೆ? ಅದು ಅಳತೆಯಲ್ಲ, ಭರವಸೆ. ಹಿಂದಿನ ಹಾರಾಟಗಳ ಹೊತ್ತುಗಳನ್ನೆಲ್ಲ ಹರಡಿ ನೋಡಿ, ಹೆಚ್ಚಿನ ದಿನಗಳಲ್ಲಿ ತಪ್ಪದೆ ತಲುಪಬಲ್ಲ ಅಂಕಿಯನ್ನು ವಿಮಾನ ಸಂಸ್ಥೆಗಳು ಆರಿಸಿಕೊಳ್ಳುತ್ತವೆ. ಹದಿನೈದು ನಿಮಿಷ ಮೊದಲೇ ಇಳಿದೆವು ಎಂದು ಪ್ರಯಾಣಿಕರು ಹಿಗ್ಗುವ ದಿನ, ಆ ಭರವಸೆಯೊಳಗೆ ಮುಚ್ಚಿಟ್ಟಿದ್ದ ಬಿಡುವು ಹೊರಗೆ ಬಂದಿರುತ್ತದೆ. ಜಗತ್ತಿನ ವೇಳಾಪಟ್ಟಿಗಳು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಬದಲಾಗುತ್ತವೆ. ಋತುವಿಗೆ ತಕ್ಕಂತೆ ಗಾಳಿಯ ಲೆಕ್ಕವನ್ನು ತಿದ್ದಿಕೊಳ್ಳಲು ಅದೇ ಸಮಯ.

ಇನ್ನು ಆಕಾಶದಲ್ಲಿ ಮನುಷ್ಯರು ಎಳೆದ ಗೆರೆಗಳ ವಿಷಯ. 1944ರ ಷಿಕಾಗೋ ಒಪ್ಪಂದದ ಮೊದಲ ವಿಧಿಯೇ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಪೂರ್ಣ ಒಡೆತನವನ್ನು ಒಪ್ಪುತ್ತದೆ. ಇದರ ಅರ್ಥ ಏನೆಂಬುದನ್ನು ಕತಾರ್ 2017ರ ಜೂನ್ 5ರಂದು ಅನುಭವಿಸಿತು. ಸೌದಿ ಅರೇಬಿಯ, ಸಂಯುಕ್ತ ಅರಬ್ ಎಮಿರೇಟ್ಸ್, ಬಹ್ರೈನ್, ಈಜಿಪ್ಟ್ ನಾಲ್ಕೂ ಸಂಬಂಧ ಕಡಿದುಕೊಂಡು ಕತಾರಿ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ನಕ್ಷೆ ಬಿಡಿಸಿ ನೋಡಿ: ಕತಾರ್ ಉತ್ತರಕ್ಕೆ ಚಾಚಿದ ಒಂದು ಪುಟ್ಟ ಪರ್ಯಾಯ ದ್ವೀಪ, ದಕ್ಷಿಣಕ್ಕೆ ಸೌದಿ, ವಾಯವ್ಯಕ್ಕೆ ಬಹ್ರೈನ್, ಆಗ್ನೇಯಕ್ಕೆ ಎಮಿರೇಟ್ಸ್. ಅಷ್ಟೇ ಅಲ್ಲ, ಕತಾರಿನ ಮೇಲಿನ ಆಕಾಶದ ಸಂಚಾರವನ್ನು ಆಗ ನಿಯಂತ್ರಿಸುತ್ತಿದ್ದದ್ದೇ ಬಹ್ರೈನ್. ಉಳಿದದ್ದು ಉತ್ತರದ ಕಡಲ ಮೇಲಿನ ಕಿರಿದಾದ ಓಣಿ, ಅದರಾಚೆ ಇರಾನ್. ಬೆಂಗಳೂರಿನ ಮಹಾವೃತ್ತ ಹಾದುಹೋಗುವ ಎಮಿರೇಟ್ಸ್‌ನ ಆಕಾಶ ಮುಚ್ಚಿದ್ದರಿಂದ, ಕತಾರಿ ವಿಮಾನಗಳು ಮೊದಲು ಈಶಾನ್ಯಕ್ಕೆ ಹಾರಿ, ಇರಾನಿನ ಅಂಚಿನಲ್ಲಿ ಸಾಗಿ, ಒಮಾನ್ ಕೊಲ್ಲಿಯ ಮೇಲೆ ತಿರುಗಿ ಅರಬ್ಬೀ ಸಮುದ್ರಕ್ಕೆ ಬರಬೇಕಾಯಿತು. ನಕ್ಷೆಯ ಮೇಲೆ ಅಳೆದರೆ ಸುಮಾರು 200 ಕಿ.ಮೀ. ಹೆಚ್ಚು, ಕಾಲು ಗಂಟೆಯ ಹಾರಾಟ. ಭೂಮಿಯ ದುಂಡುತನ ಕೂಡಿಸಿದ 3 ಕಿ.ಮೀ. ಎದುರು ಈ 200ನ್ನು ಇಟ್ಟು ನೋಡಬೇಕು. ಬೆಂಗಳೂರಿನವರು ಇಷ್ಟಕ್ಕೆ ಪಾರಾದರು. ಸುಡಾನಿನ ಖಾರ್ಟೂಮ್ ದೋಹಾದಿಂದ 2250 ಕಿ.ಮೀ. ನೈಋತ್ಯಕ್ಕಿದೆ, ನಡುವೆ ಸೌದಿ ಅರೇಬಿಯ ಅಡ್ಡ ಮಲಗಿದೆ. ಅಲ್ಲಿಗೆ ಹೋಗಬೇಕಾದ ಕತಾರಿ ವಿಮಾನ ಊರಿಗೆ ಬೆನ್ನು ತಿರುಗಿಸಿ ಹೊರಡಬೇಕಿತ್ತು.

ಇದು ರಾಜಕೀಯ, ಇದನ್ನು ವಿಜ್ಞಾನದ ಪುಸ್ತಕಕ್ಕೆ ಏಕೆ ತರಬೇಕು, ನಿಜವಾದ ದೂರ 3040 ತಾನೇ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಕ್ಕೆ ನನ್ನ ಉತ್ತರ ಗಣಿತದಲ್ಲೇ ಇದೆ. ದೂರ ಎಂದರೆ ಹೋಗಲು ಸಾಧ್ಯವಿರುವ ದಾರಿಗಳಲ್ಲಿ ಅತಿ ಗಿಡ್ಡದ್ದರ ಉದ್ದ. ದೋಹಾ ಮತ್ತು ಬೆಂಗಳೂರುಗಳ ನಡುವೆ ನಿಜವಾದ ಸರಳರೇಖೆ ಎಳೆದರೆ ಅದು ಭೂಮಿಯ ಒಡಲನ್ನು ಸೀಳಿಕೊಂಡು ಹೋಗುತ್ತದೆ. ಅದರ ಉದ್ದ ಸುಮಾರು 3015 ಕಿ.ಮೀ. ಬಂಡೆಯೊಳಗೆ ಹಾರಲಾಗದು ಎಂಬ ಕಾರಣಕ್ಕೆ ನಾವು ಅದನ್ನು ಬಿಟ್ಟು ಮಹಾವೃತ್ತವನ್ನು ಆರಿಸಿಕೊಂಡೆವು. ಅಂದರೆ 3040 ಎಂಬುದೂ ಒಂದು ಅಡ್ಡಿಯನ್ನು ಬಳಸಿ ಹೋಗುವ ದಾರಿಯ ಉದ್ದವೇ. ಬಂಡೆ ಒಂದು ಅಡ್ಡಿಯಾದರೆ ಮುಚ್ಚಿದ ಆಕಾಶ ಇನ್ನೊಂದು. ಮೊದಲನೆಯದು ಕದಲುವುದಿಲ್ಲ, ಎರಡನೆಯದು ಕದಲುತ್ತದೆ ಎಂಬುದು ನಿಜ. ಆದರೆ ವಿಮಾನದ ಟ್ಯಾಂಕಿಗೆ ತುಂಬಬೇಕಾದ ಇಂಧನ ಈ ಭೇದವನ್ನು ಲೆಕ್ಕಿಸುವುದಿಲ್ಲ. ನಮ್ಮ ಹಿರಿಯರು ಗಾವುದ, ಹರದಾರಿ, ಕೂಗಳತೆ ಎಂದು ಎಣಿಸುತ್ತಿದ್ದಾಗ ಕೇಳುತ್ತಿದ್ದದ್ದು ನಡೆಯುವವನ ಕಾಲಿನ ಪ್ರಶ್ನೆಯನ್ನೇ, ಗಂಟಲಿನ ಪ್ರಶ್ನೆಯನ್ನೇ. ಕೂಗು ಗಾಳಿಯ ದಿಕ್ಕಿಗೆ ದೂರ ಹೋಗುತ್ತದೆ, ಎದುರಿಗೆ ಹೋಗುವುದಿಲ್ಲ. ವಿಮಾನದ ಅಳತೆಗೆ ಆ ಹಳೆಯ ಕೂಗಳತೆಯೇ ಹತ್ತಿರ ಎಂದು ನನಗೆ ತೋರುತ್ತದೆ.

ಆಕಾಶದ ಈ ಗೆರೆಗಳ ಜಗಳ ಆಕಾಶದ ಸಂಚಾರವನ್ನು ನಿಯಂತ್ರಿಸುವವರನ್ನೂ ಬದಲಿಸಿತು. ಆಕಾಶ ಮುಚ್ಚಿದ್ದರ ವಿರುದ್ಧ ಕತಾರ್ ಕೊಟ್ಟ ದೂರಿನ ಮೇಲೆ ತೀರ್ಮಾನ ಕೊಡುವ ಅಧಿಕಾರ ಮಾಂಟ್ರಿಯಲ್‌ನ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗಿದೆ ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2020ರ ಜುಲೈ 14ರಂದು ಹೇಳಿತು. 2021ರ ಜನವರಿ 5ರಂದು ಅಲ್ ಉಲಾದಲ್ಲಿ ರಾಜಿಯಾಗಿ ಆಕಾಶ ತೆರೆಯಿತು. 2022ರ ಸೆಪ್ಟೆಂಬರ್ 8ರಿಂದ ದೋಹಾಕ್ಕೆ ತನ್ನದೇ ಹಾರಾಟ ಮಾಹಿತಿ ವಲಯವೂ, ಅಂದರೆ ತಾನೇ ಸಂಚಾರ ನಿಯಂತ್ರಿಸುವ ಆಕಾಶವೂ, ದೊರೆಯಿತು. ನಮ್ಮ ಕಡೆಗೂ ಇಂಥ ಗೆರೆಗಳ ಬಿಸಿ ತಾಗದೆ ಇಲ್ಲ. 2019ರಲ್ಲಿ ಪಾಕಿಸ್ತಾನ ತಿಂಗಳುಗಟ್ಟಲೆ ಆಕಾಶ ಮುಚ್ಚಿದ್ದಾಗ ದೆಹಲಿಯಿಂದ ಇಸ್ತಾಂಬುಲ್‌ಗೆ ಹೊರಟ ಇಂಡಿಗೊ ವಿಮಾನಗಳು ದಕ್ಷಿಣಕ್ಕೆ ಬಳಸಿ ಬಂದು, ಇಂಧನಕ್ಕಾಗಿ ಇಳಿದದ್ದು ಇದೇ ದೋಹಾದಲ್ಲಿ.

ಎಲ್ಲ ಗೆರೆಗಳೂ ತೆರೆದಿರುವ ಒಂದು ಸಾಮಾನ್ಯ ಜುಲೈ ದಿನದಲ್ಲಿ ಕೊನೆಯ ನಿಮಿಷಗಳು ಮತ್ತೆ ಗಾಳಿಗೇ ಸಲ್ಲುತ್ತವೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಕೊಲ್ಲಿಯ ಶಮಾಲ್ ಗಾಳಿ ವಾಯವ್ಯದಿಂದ ಬೀಸುವುದರಿಂದ ಹಮದ್ ನಿಲ್ದಾಣದ ಓಡುದಾರಿಗಳೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ ಮುಖ ಮಾಡಿವೆ. ಬೆಂಗಳೂರಿಗೆ ಹೊರಟ ವಿಮಾನ ಮೊದಲು ಭಾರತಕ್ಕೆ ಬೆನ್ನು ಹಾಕಿ ಏರಿ, ಅನಂತರ ತಿರುಗುತ್ತದೆ. ದೇವನಹಳ್ಳಿಯ ಓಡುದಾರಿಗಳು ಪೂರ್ವ–ಪಶ್ಚಿಮವಾಗಿವೆ. ಚಳಿಗಾಲದ ಮೂಡಣ ಗಾಳಿಯಲ್ಲಿ ಕಾರವಾರದ ಕಡೆಯಿಂದ ಬಂದ ವಿಮಾನ ಹೆಚ್ಚು ಸುತ್ತದೆ ಪಶ್ಚಿಮದಿಂದಲೇ ಇಳಿಯಬಹುದು. ಮಳೆಗಾಲದ ಪಡುವಣ ಗಾಳಿಯಲ್ಲಿ ಹಾಗಾಗದು. ಆಗ ಅದು ನಿಲ್ದಾಣವನ್ನು ಪಕ್ಕದಲ್ಲಿ ಬಿಟ್ಟು, ಪೂರ್ವಕ್ಕೆ ಕೋಲಾರದ ಕಡೆಯ ಆಕಾಶದವರೆಗೆ ಹೋಗಿ, ಹಿಂದಿರುಗಿ, ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು.